ಬೆಸುಗೆಯ ಗುರುತುಗಳು

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎಂಬ ಹೆಸರಿನ ಊರು ಎರಡಿವೆ. ನಾವು ಹೋಗುತ್ತಿರುವುದು ಜೆ.ಪಿ. ನಗರದ ಕಡೆಯದಕ್ಕಲ್ಲ, ಯಲಹಂಕದ ಪುಟ್ಟೇನಹಳ್ಳಿಗೆ. ಹಳ್ಳಿ ಬಡಾವಣೆಯಾಗುತ್ತ ಬಂದಂತೆ ಗೇಟು, ಕಿಟಕಿಯ ಗ್ರಿಲ್, ಮೆಟ್ಟಿಲ ಕಂಬಿ ಮಾಡುವ ವೆಲ್ಡಿಂಗ್ ಶೆಡ್ಡುಗಳು ಇಂಥ ಕಡೆಗಳಲ್ಲೆಲ್ಲ ತಲೆಯೆತ್ತಿವೆ. ಅಂಥ ಒಂದು ಶೆಡ್ಡಿನ ಮುಂದೆ ಹಳೆಯ ಜೀಪೊಂದನ್ನು ಬಿಚ್ಚಿ ನಿಲ್ಲಿಸಿದ್ದಾರೆ ಎಂದು ಭಾವಿಸಿ. ಚರಿತ್ರೆಯೆಂದರೆ ಶಾಸನ, ತಾಳೆಗರಿ, ಕೋಟೆ ಎಂದಷ್ಟೇ ತಿಳಿದಿದ್ದರೆ, ಸ್ವಲ್ಪ ಬಗ್ಗಿ ಅದರ ಅಡಿಯನ್ನು ನೋಡಿ. ಕಬ್ಬಿಣದ ಒಂದು ತುಂಡು ಇನ್ನೊಂದಕ್ಕೆ ಕೂಡಿದ ಜಾಗವೇ ಇಲ್ಲಿ ನಮಗೆ ದಾಖಲೆ.

ಈ ಕೂಡಿಸುವ ವಿದ್ಯೆ ನಮ್ಮ ಊರುಗಳಿಗೆ ಹೊಸದಲ್ಲ. ರಸ್ತೆಯೇ ಇಲ್ಲದ ಕಡೆ ಓಡುತ್ತಿದ್ದ ನಮ್ಮ ಹಳೆಯ ವಾಹನ ಎತ್ತಿನ ಗಾಡಿಯಲ್ಲವೆ? ಅದರ ಚಕ್ರಕ್ಕೆ ತೊಡಿಸುವ ಕಬ್ಬಿಣದ ಪಟ್ಟಾದ ಎರಡು ತುದಿಗಳನ್ನು ಕಮ್ಮಾರನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು ಒಂದು ಮಾಡುತ್ತಿದ್ದ. ವಿದ್ಯುತ್ತಿನ ಕಿಡಿಯಿಂದ ಲೋಹವನ್ನು ಕರಗಿಸಿ ಕೂಡಿಸುವ ವಿಧಾನವನ್ನು 1881ರಲ್ಲಿ ನಿಕೊಲಾಯ್ ಬೆನಾರ್ಡೊಸ್ ತೋರಿಸಿದ. ಆದರೆ ಕರಗಿದ ಉಕ್ಕಿಗೆ ಗಾಳಿ ತಗುಲಿದರೆ ಬೆಸುಗೆ ಕೆಡುತ್ತದೆ. ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ 20ನೆಯ ಶತಮಾನದ ಆರಂಭದಲ್ಲಿ ವೆಲ್ಡಿಂಗ್ ಕಡ್ಡಿಗೇ ಲೇಪ ಕೊಟ್ಟು ಈ ತೊಡಕನ್ನು ಬಿಡಿಸಿದ. ಇಂದಿಗೂ ವೆಲ್ಡರ್ ಬೆಸುಗೆಯ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ತೆಗೆಯುತ್ತಾನಲ್ಲ, ಅದು ಆ ಲೇಪದಿಂದ ಬಂದದ್ದು.

ಇನ್ನು ಜೀಪಿನ ಮಾತು. 1940ರಲ್ಲಿ ಅಮೆರಿಕದ ಸೈನ್ಯವು ನಾಲ್ಕೂ ಚಕ್ರ ಎಳೆಯುವ ಹಗುರ ವಾಹನಕ್ಕಾಗಿ 135 ಕಂಪನಿಗಳನ್ನು ಕೇಳಿತು. ಮಾದರಿ ಒಪ್ಪಿಸಲು ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಗಡುವಿನೊಳಗೇ ವಾಹನವನ್ನು ತಂದು ನಿಲ್ಲಿಸಿತು. ಆದರೂ ದೊಡ್ಡ ಆರ್ಡರುಗಳು ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. (ಮೊದಲು ಓಡಿದವನಿಗೆ ಬಹುಮಾನ ಸಿಗದೆ ಹೋದ ಕತೆಗಳಲ್ಲಿ ಇದೂ ಒಂದು.) ವಿಲ್ಲೀಸ್‌ನ ಮೊದಲ ಜೀಪುಗಳ ಮುಂಭಾಗದ ಜಾಲರಿ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ಬೆಸೆದು ಮಾಡಿದ್ದು. ಫೋರ್ಡ್ ಅದನ್ನು ಒಂದೇ ತಗಡಿನಿಂದ ಒತ್ತಿ ತೆಗೆಯಿತು. ತೂಕವೂ ಇಳಿಯಿತು, ಖರ್ಚೂ ಇಳಿಯಿತು. ನಾವೆಲ್ಲ ಜೀಪಿನ ಮುಖವೆಂದು ಗುರುತಿಸುವ ಆ ಉದ್ದ ಸೀಳುಗಳು ಹುಟ್ಟಿದ್ದು ಹೀಗೆ, ಬೆಸುಗೆಯನ್ನು ಉಳಿಸುವ ಲೆಕ್ಕಾಚಾರದಿಂದ.

ಭಾರತದಲ್ಲಿ 1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿಯು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ದೇಶವಿಭಜನೆಯ ಗುರುತು ಒಂದು ವಾಹನದ ಹೆಸರಿನಲ್ಲೂ ಉಳಿದದ್ದನ್ನು ಗಮನಿಸಿ. ಮಲೆನಾಡಿನ ಕಾಫಿ ತೋಟಗಳಲ್ಲಿ ಜೀಪು ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ ಬರೀ ಶಕ್ತಿಯಲ್ಲ. ಅದರ ಚಾಸಿ ಬೇರೆ, ಮೇಲಿನ ಬಾಡಿ ಬೇರೆ. ಬಾಡಿಯನ್ನು ಚಾಸಿಗೆ ಕೂಡಿಸುವುದು ಬೋಲ್ಟುಗಳು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆದರೆ ಗಾಡಿ ಮತ್ತೆ ಹೊರಡುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಊರೂರಿನ ವೆಲ್ಡಿಂಗ್ ಶೆಡ್ಡು ಇವೆಲ್ಲ ಸೇರಿ ಹಳೆಯ ಗಾಡಿಗಳಿಗೆ ಆಯುಸ್ಸು ಕೊಟ್ಟಿವೆ.

ಆದರೆ ಚಾಸಿಯ ವಿಷಯ ಬಂದಾಗ ಕೈ ತಡೆಯಬೇಕು. ಏಕೆ? 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ತೈಲ ಹಡಗು, ಶಾಂತವಾದ ನೀರಿನಲ್ಲಿ ಕಟ್ಟೆಯ ಪಕ್ಕ ನಿಂತಿದ್ದಂತೆಯೇ ನಡುವೆ ಸೀಳಿತು. ಅದು ಬೆಸುಗೆಯ ಹಡಗು. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲಬಹುದು. ಬೆಸೆದಲ್ಲಿ ಎಲ್ಲವೂ ಒಂದೇ ತುಂಡು, ಬಿರುಕಿಗೆ ದಾರಿ ತೆರೆದೇ ಇರುತ್ತದೆ. ಚಳಿಗೆ ಪೆಡಸಾಗುವ ಉಕ್ಕು, ಕೆಟ್ಟ ಬೆಸುಗೆ ಸೇರಿ ಹಡಗನ್ನೇ ಮುರಿದವು. ಹಳ್ಳದಲ್ಲಿ ತಿರುಚಿಕೊಳ್ಳುವ ಜೀಪಿನ ಚಾಸಿಗೂ ಚೂಪು ಮೂಲೆಯ ಅರೆಬೆಸುಗೆ ಅಷ್ಟೇ ಅಪಾಯ.

ಪುಟ್ಟೇನಹಳ್ಳಿಗೆ ಸಮೀಪದಲ್ಲೇ, ಯಲಹಂಕದಲ್ಲಿ, 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆಯಿದೆ. ಅಲ್ಲಿಯೂ ಇದೇ ವಿದ್ಯುತ್ ಕಿಡಿ, ಆದರೆ ದೈತ್ಯ ಗಾತ್ರದ್ದು: ಹಳೆಯ ಉಕ್ಕಿನ ಗುಜರಿಯನ್ನು ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿಗೆ ತುಂಬಿ ಗಾಲಿಯನ್ನು ಎರಕ ಹೊಯ್ಯುತ್ತಾರೆ. ಗಾಲಿ ಇಡಿಯಾಗಿ ಒಂದೇ ತುಂಡು. ಅಚ್ಚಿನಿಂದ ಬರುವ ಗಾಲಿಯಲ್ಲಿ ಬೆಸುಗೆಯೇ ಇಲ್ಲ.

ಮನೆಯಲ್ಲಿ ವೆಲ್ಡಿಂಗ್ ಕಲಿಯಬೇಕೆನ್ನುವವರು ಕುರ್ಚಿಯ ಕಾಲಿನಿಂದ, ಹೂಕುಂಡದ ಸ್ಟ್ಯಾಂಡಿನಿಂದ ಆರಂಭಿಸಿ, ಅದೂ ಕೆಲಸ ಬಲ್ಲವರು ಪಕ್ಕದಲ್ಲಿರುವಾಗ. ಬರಿಗಣ್ಣಿನಲ್ಲಿ ಕಿಡಿ ನೋಡಿದರೆ ರಾತ್ರಿಯಿಡೀ ಕಣ್ಣಲ್ಲಿ ಮರಳು ತುಂಬಿದಂತಾಗುತ್ತದೆ. ಖಾಲಿ ಪೆಟ್ರೋಲ್ ಟ್ಯಾಂಕಿಗೆ ಕಿಡಿ ತಾಗಿಸಬೇಡಿ, ಒಳಗಿನ ಆವಿ ಸಿಡಿಯುತ್ತದೆ. ಹಳೆಯ ಜೀಪನ್ನು ಹೊಸತರಂತೆ ಕಾಣಿಸಲು ಎಲ್ಲ ಕಲೆಗಳನ್ನೂ ಪುಟ್ಟಿ ಬಳಿದು ಮುಚ್ಚುವವರಿದ್ದಾರೆ. ನನಗೆ ಅದು ಶಾಸನಕ್ಕೆ ಸುಣ್ಣ ಹೊಡೆದಂತೆ ಕಾಣುತ್ತದೆ. ಚಾಸಿಯ ಮೇಲೆ ಅಚ್ಚೊತ್ತಿದ ನಂಬರಿನ ಹತ್ತಿರವಂತೂ ಗ್ರೈಂಡರ್ ಒಯ್ಯಲೇಬೇಡಿ. ಗಾಡಿಯ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಮೊದಲು ತುಕ್ಕನ್ನು ತಂತಿಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಆ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.