ಮನೆ ಯಾರಿಗೆ: ಮುಧೋಳ ಸೀಮೆಯಲ್ಲಿ ಫಲಾನುಭವಿ ಆಯ್ಕೆಯ ಚರಿತ್ರೆ

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಯಿಲ್ಲದವರಿಗೆ ಸರ್ಕಾರದ ಮನೆ ಮಂಜೂರಾಗಬೇಕಾದರೆ ಹೆಸರು ಗ್ರಾಮಸಭೆಯಲ್ಲಿ ಆಯ್ಕೆಯಾಗಬೇಕು. ಪಟ್ಟಣಗಳಲ್ಲಿ ಈ ಕೆಲಸ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯದು. ಈ ಏರ್ಪಾಟು ಹಳೆಯದೇನಲ್ಲ. ಎರಡು ತಲೆಮಾರಿನ ಹಿಂದೆ ಬಡವರ ಸೂರು ಹೊಲದ ಒಡೆಯರ ಮರ್ಜಿಯ ಮೇಲೆ ನಿಂತಿತ್ತು.

1948ರ ಮಾರ್ಚ್‌ವರೆಗೆ ಈ ಸೀಮೆಯ ಬಹುಪಾಲು ಸಂಸ್ಥಾನಗಳಲ್ಲಿ ಹಂಚಿಹೋಗಿತ್ತು. ಮುಧೋಳದಲ್ಲಿ ಘೋರ್ಪಡೆಯವರು, ಜಮಖಂಡಿಯಲ್ಲಿ ಪಟವರ್ಧನರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ವಿಲೀನದ ನಂತರ ಇವೆಲ್ಲ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಆಳುವವರು ಬದಲಾದರೂ ಊರಿನ ರಚನೆ ಬದಲಾಗಲಿಲ್ಲ. ಗಾವಠಾಣದೊಳಗೆ, ಅಂದರೆ ಊರಿನ ವಸತಿ ಜಾಗದೊಳಗೆ, ಯಾರ ಮನೆ ಎಲ್ಲಿರಬೇಕೆಂಬುದನ್ನು ಜಾತಿ ಗೊತ್ತುಮಾಡಿತ್ತು; ದಲಿತರ ಕೇರಿ ಊರಾಚೆಗೇ ಉಳಿಯಿತು. ಹೊಲದ ದಂಡೆಯಲ್ಲಿ ಜೋಪಡಿ ಹಾಕಿಕೊಂಡ ಕೂಲಿಯವರನ್ನು ಒಡೆಯರು ಎಬ್ಬಿಸಿದರೆ ಕೇಳುವವರಿರಲಿಲ್ಲ.

ಇದಕ್ಕೆ ಮೊದಲ ದೊಡ್ಡ ಪೆಟ್ಟು ಕೊಟ್ಟದ್ದು ದೇವರಾಜ ಅರಸು ಸರ್ಕಾರ. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ, ಬೇರೆಯವರ ಜಮೀನಿನಲ್ಲಿ ವಾಸವಿದ್ದ ಕೃಷಿ ಕಾರ್ಮಿಕರಿಗೆ ಆ ವಾಸದ ಮನೆಯ ಹಕ್ಕನ್ನೇ ಕೊಡುವ ದಾರಿ ತೆರೆಯಿತು. ಅದೇ ಕಾಲದಲ್ಲಿ ನಿವೇಶನ ಹಂಚಿಕೆ, ಜನತಾ ಮನೆಗಳು ಬಂದವು. ಹಳ್ಳಿಗಳಲ್ಲಿ ‘ಜನತಾ ಪ್ಲಾಟ್’ ಎಂಬ ಹೆಸರು ಇವತ್ತಿಗೂ ಉಳಿದಿರುವುದು ಆ ಕಾಲದಿಂದ. ಆದರೆ ಪಟ್ಟಿ ತಯಾರಾಗುತ್ತಿದ್ದದ್ದು ತಹಶೀಲ್ದಾರರ, ಬಿಡಿಒ ಕಚೇರಿಗಳಲ್ಲಿ. ತಲಾಟಿ ಮತ್ತು ಊರ ಪ್ರಮುಖರ ಮಾತಿಗೆ ಅಲ್ಲಿ ಬೆಲೆಯಿತ್ತು. ಜನತಾ ಮನೆ ಕೇಳುವ ಕೂಲಿಯವರು ಅದೇ ಪ್ರಮುಖರ ಹೊಲದಲ್ಲಿ ದುಡಿಯುವವರಾಗಿದ್ದರು.

ನೇಕಾರರ ದಾರಿ ಬೇರೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬನಹಟ್ಟಿಯಂಥ ನೇಕಾರಿಕೆಯ ಊರುಗಳಲ್ಲಿ ಮಗ್ಗ ಹೂಡಲು ಜಾಗವಿರುವ ಮನೆಗಳನ್ನು ಕಟ್ಟಿಸಿತು. ಅಲ್ಲಿ ಮನೆ ಕೊಟ್ಟದ್ದು ನಿಗಮಕ್ಕೆ ನೇಯ್ದುಕೊಡುವವರಿಗೆ. ಬಡತನಕ್ಕಿಂತ ಕಸುಬು ಮುಖ್ಯವಾಯಿತು. ಕೈಮಗ್ಗ ನಿಂತಮೇಲೆ ಆ ಮನೆ ಯಾರದು ಎಂಬ ಪ್ರಶ್ನೆ ಹಕ್ಕುಪತ್ರದ ಬೇಡಿಕೆಯಾಗಿ ಬೆಳೆಯಿತು.

1985ರಲ್ಲಿ ಕೇಂದ್ರದ ಇಂದಿರಾ ಆವಾಸ್, 1991-92ರಲ್ಲಿ ರಾಜ್ಯದ ಆಶ್ರಯ ಯೋಜನೆ ಬಂದವು. ಈ ನಡುವೆ 1987ರಲ್ಲಿ ಮಂಡಲ ಪಂಚಾಯಿತಿಗಳ ಚುನಾವಣೆ ನಡೆದಿತ್ತು. ನಿಜವಾದ ತಿರುವು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ. ಅದರಡಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯ ಕೆಲಸವಾಯಿತು. ನಂತರದ ತಿದ್ದುಪಡಿಯಿಂದ ವಾರ್ಡ್‌ಸಭೆಯೂ ಸೇರಿತು. ವಾರ್ಡ್‌ಸಭೆ ಹೆಸರು ಸೂಚಿಸುತ್ತದೆ, ಗ್ರಾಮಸಭೆ ಆದ್ಯತೆ ನಿರ್ಧರಿಸುತ್ತದೆ. ಕೋಣೆಯೊಳಗಿನ ಪಟ್ಟಿ ಊರಮುಂದೆ ಬಂತು. ಇದೊಂದು ಬದಲಾವಣೆ ಉಳಿದೆಲ್ಲ ನಿಯಮಗಳಿಗಿಂತ ದೊಡ್ಡದು. ಯಾರ ಮನೆಯ ಗೋಡೆ ಕುಸಿದಿದೆ, ಯಾರಿಗೆ ಇನ್ನೊಂದು ಊರಲ್ಲಿ ಆರ್‌ಸಿಸಿ ಮನೆಯಿದೆ ಎಂಬುದು ಅಧಿಕಾರಿಗಿಂತ ಓಣಿಯವರಿಗೆ ಚೆನ್ನಾಗಿ ಗೊತ್ತು.

ಆದರೆ ಗೊತ್ತಿದ್ದವರೆಲ್ಲ ಬಾಯಿಬಿಡುವುದಿಲ್ಲ; ಎಲ್ಲರೂ ಸಭೆಗೆ ಬರುವುದೂ ಇಲ್ಲ. ಸುಗ್ಗಿಯ ದಿನಗಳಲ್ಲಿ ಸಭೆ ಕರೆದರೆ ಕಬ್ಬು ಕಡಿಯಲು ಹೋದವರು ಬರಲಾರರು. ಮನೆಗೆ ಎಲ್ಲರಿಗಿಂತ ಹೆಚ್ಚು ಅರ್ಹರಾದವರೇ ಹೀಗೆ ಸಭೆಯಿಂದ ಹೊರಗುಳಿಯುತ್ತಾರೆ.

ಇದೇ ಹೊತ್ತಿಗೆ ಈ ಸೀಮೆಯಲ್ಲಿ ಇನ್ನೊಂದು ಬಗೆಯ ಹಂಚಿಕೆ ನಡೆದಿತ್ತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಬೀಳಗಿ, ಜಮಖಂಡಿ, ಬಾಗಲಕೋಟೆ ಭಾಗದ ಅನೇಕ ಊರುಗಳು ಹೋದವು. ಜನ ಇದನ್ನು ಒಂದೇ ಮಾತಿನಲ್ಲಿ ‘ಮುಳುಗಡೆ’ ಎನ್ನುತ್ತಾರೆ. ಹೊಸ ಊರುಗಳನ್ನು ‘ಆರ್‌ಸಿ’ ಎನ್ನುತ್ತಾರೆ, ಅಂದರೆ ಪುನರ್ವಸತಿ ಕೇಂದ್ರ. ಇಲ್ಲಿ ಯಾರಿಗೆ ನಿವೇಶನ ಎಂಬುದನ್ನು ಪಂಚಾಯಿತಿ ತೀರ್ಮಾನಿಸಲಿಲ್ಲ. ಭೂಸ್ವಾಧೀನ ಮತ್ತು ಪುನರ್ವಸತಿ ಅಧಿಕಾರಿಗಳ ದಾಖಲೆ ತೀರ್ಮಾನಿಸಿತು. ಉತಾರದಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಹೆಸರಿದ್ದವರಿಗೆ ದಾರಿ ಸುಲಭ. ಒಂದೇ ಸೂರಿನಡಿ ಇದ್ದ ಅಣ್ಣತಮ್ಮಂದಿರು ಒಂದು ಕುಟುಂಬವೋ ಎರಡೋ, ವಯಸ್ಸಿಗೆ ಬಂದ ಮಗನನ್ನು ಬೇರೆ ಕುಟುಂಬವೆಂದು ಎಣಿಸಬೇಕೋ ಬೇಡವೋ ಎಂಬುದರ ಮೇಲೆ ಪ್ಲಾಟುಗಳ ಲೆಕ್ಕ ನಿಂತಿತ್ತು. 1989ರಲ್ಲಿ ಯೋಜನೆಗೆ ಸಾಲ ಒಪ್ಪಿದ್ದ ವಿಶ್ವಬ್ಯಾಂಕ್, ಪುನರ್ವಸತಿ ಸರಿಯಿಲ್ಲವೆಂದು 1990ರ ದಶಕದಲ್ಲಿ ಹಣ ಬಿಡುಗಡೆಯನ್ನೇ ತಡೆಹಿಡಿದಿತ್ತು.

2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ರಾಜ್ಯದ ವಸತಿ ಯೋಜನೆಗಳನ್ನೆಲ್ಲ ಒಂದು ಕಡೆ ತಂದಿತು. 2010-11ರಲ್ಲಿ ಬಸವ ವಸತಿ ಯೋಜನೆ ಬಂತು. ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ್ ಯೋಜನೆ ಬೇರೆಯಾಯಿತು. ಮನೆ ಸಾಮಾನ್ಯವಾಗಿ ಹೆಣ್ಣುಮಗಳ ಹೆಸರಿನಲ್ಲಿ ಮಂಜೂರಾಗುತ್ತದೆ. ಅಡಿಪಾಯ, ಗೋಡೆ, ಛಾವಣಿ, ಮುಕ್ತಾಯ ಎಂದು ಹಂತಹಂತಕ್ಕೆ ಜಿಪಿಎಸ್ ಫೋಟೊ ತೆಗೆದಮೇಲಷ್ಟೇ ಕಂತಿನ ಹಣ ಖಾತೆಗೆ ಬೀಳುತ್ತದೆ. ಮೊದಲ ಕಂತಿಗೆ ಮುಂಚೆ ಅಡಿಪಾಯ ಎಬ್ಬಿಸಬೇಕಾದ್ದರಿಂದ ಕೈಯಲ್ಲಿ ದುಡ್ಡಿಲ್ಲದವರು ಸಾಲ ಮಾಡುತ್ತಾರೆ, ಇಲ್ಲವೇ ಮಂಜೂರಾದ ಮನೆಯನ್ನೇ ಬಿಡುತ್ತಾರೆ. ಸ್ವಂತ ಜಾಗವಿಲ್ಲದವರ ಪಾಡು ಇನ್ನೂ ಕಷ್ಟ: ಮನೆಯ ಪಟ್ಟಿಗೆ ಮೊದಲು ನಿವೇಶನದ ಪಟ್ಟಿಯಲ್ಲಿ ಕಾಯಬೇಕು. ನೀರಾವರಿಯಿಂದ ಜಮೀನಿನ ಬೆಲೆ ಏರಿದ ಘಟಪ್ರಭೆಯ ದಂಡೆಯಲ್ಲಿ ಪಂಚಾಯಿತಿಗೆ ಜಾಗ ಸಿಗುವುದು ಸುಲಭವಲ್ಲ.

2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಬಂದಾಗ ಆಯ್ಕೆಯ ಕ್ರಮವೇ ತಿರುವುಮುರುವಾಯಿತು. 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯಿಂದ ಹೆಸರುಗಳು ಮೇಲಿನಿಂದಲೇ ಇಳಿದುಬಂದವು. ಗ್ರಾಮಸಭೆಗೆ ಉಳಿದದ್ದು ಅವನ್ನು ಪರಿಶೀಲಿಸುವ, ಆದ್ಯತೆ ಕೊಡುವ, ಅನರ್ಹರನ್ನು ತೆಗೆಯುವ ಕೆಲಸ. ಮನೆಯಿಲ್ಲದವರು, ಕಚ್ಚಾ ಗೋಡೆ-ಕಚ್ಚಾ ಚಾವಣಿಯ ಎರಡು ಕೋಣೆಯವರೆಗಿನ ಮನೆಯವರು ಅರ್ಹರು. ಬೈಕು, ಫ್ರಿಜ್, ಸ್ಥಿರ ದೂರವಾಣಿ, ತಿಂಗಳಿಗೆ 10,000 ರೂಪಾಯಿ ಮೀರಿದ ದುಡಿಮೆ, 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್, ಇವುಗಳಲ್ಲಿ ಒಂದಿದ್ದರೂ ಹೆಸರು ಹೋಗುತ್ತಿತ್ತು. ಬಸ್ಸಿಲ್ಲದ ಹಳ್ಳಿಯಿಂದ ಕಾರ್ಖಾನೆಯ ಕೂಲಿಗೆ ಹೋಗಲು ಹಳೆಯ ಬೈಕು ಕೊಂಡವರು ಪತ್ರಾಸ್ (ತಗಡಿನ) ಶೆಡ್ಡಿನಲ್ಲಿದ್ದರೂ ಅನರ್ಹರೇ ಆಗಿದ್ದರು. 2024ರಲ್ಲಿ ದ್ವಿಚಕ್ರ ವಾಹನ, ಫ್ರಿಜ್, ದೂರವಾಣಿಯ ಅಡ್ಡಿ ತೆಗೆದು ಆದಾಯದ ಮಿತಿಯನ್ನು 15,000ಕ್ಕೆ ಏರಿಸಲಾಯಿತು. ಅದು ಮೊದಲೇ ಆಗಬೇಕಿತ್ತು.

ನೆರೆ ಬಂದ ವರ್ಷಗಳಲ್ಲಿ ಈ ಯಾವ ಕ್ರಮವೂ ಸಾಲಲಿಲ್ಲ. 2009ರ ನೆರೆಯ ನಂತರ ‘ಆಸರೆ’ ಹೆಸರಿನಲ್ಲಿ ದಾನಿಗಳ ನೆರವಿನಿಂದ ಹೊಸ ಬಡಾವಣೆಗಳೆದ್ದವು. ಹೊಲ, ದನಕರು ಹಳೆಯ ಊರಲ್ಲೇ ಇದ್ದುದರಿಂದ ಎಷ್ಟೋ ಮನೆಗಳು ಖಾಲಿ ಉಳಿದವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿದಾಗ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು: ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ, ಅಲ್ಪ ಹಾನಿಗೆ 50,000 ರೂಪಾಯಿ. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಲಕ್ಷಗಟ್ಟಲೆ ಅಂತರ. ಮಣ್ಣಿನ ಗೋಡೆ, ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಮನೆಗಳ ಸ್ವಭಾವವೆಂದರೆ ನೀರು ನಿಂತಾಗ ತಡೆದು, ಇಳಿದ ಕೆಲವು ದಿನಗಳಿಗೆ ಕುಸಿಯುವುದು. ಸಮೀಕ್ಷೆಯ ದಿನ ನಿಂತಿದ್ದ ಗೋಡೆ ಆಮೇಲೆ ಬಿದ್ದರೆ, ಕಾಗದದಲ್ಲಿ ಆ ಮನೆ ‘ಸಿ’ ಆಗಿಯೇ ಉಳಿಯುವ ಭಯ. ಈ ತಕರಾರುಗಳ ಜೊತೆಗೆ, ಬೀಳದ ಮನೆ ಬಿದ್ದಿದೆಯೆಂದು ಬರೆಸಿಕೊಂಡವರ ಮೇಲಿನ ದೂರುಗಳೂ ಬಂದವು.

ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದೆ. ಅದು ಜಾರಿಯಾದರೆ ಬಾಗಲಕೋಟೆ ಜಿಲ್ಲೆಯ ಇನ್ನಷ್ಟು ಊರುಗಳು ಎದ್ದುಹೋಗಬೇಕು, ಹೊಸ ಪಟ್ಟಿಗಳನ್ನು ಬರೆಯಬೇಕು. ಆ ಪಟ್ಟಿಗಳನ್ನು ಕಚೇರಿಯಲ್ಲಿ ಅಂಟಿಸಿ ಬಿಡದೆ, ಕಬ್ಬು ಕಡಿಯುವವರು ಊರಲ್ಲಿರುವ ದಿನ ನೋಡಿ, ಗ್ರಾಮಸಭೆಯಲ್ಲಿ ಒಂದೊಂದೇ ಹೆಸರು ಕೂಗಿ ಓದಬೇಕು.