ಕೋಗಳಿಯ ದಾನಿಗಳು ಮತ್ತು ವಲಸೆಯ ಮನೆತನಗಳ ಮೂಲಶೋಧನೆ

ಹಳೆಯ ಪೇಟೆಯ ಕೇರಿಯೊಂದರಲ್ಲಿ ನೆಲೆಸಿದ ಮನೆತನವು ಮೂಲತಃ ಎಲ್ಲಿಯದೆಂಬುದನ್ನು ನಿರ್ಣಯಿಸುವಾಗ ಹಿರಿಯರ ಹೇಳಿಕೆ, ಮನೆತನಕ್ಕೆ ಅಂಟಿಬಂದ ಊರ ಹೆಸರು, ದೇವರ ಮನೆಯ ಓಲೆಗರಿಯ ಕಟ್ಟು ಇವೇ ಸಾಮಾನ್ಯವಾಗಿ ಆಧಾರಗಳು. ಇವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಹರಪನಹಳ್ಳಿ ಸೀಮೆಯ ನೆರೆಯ ಕೋಗಳಿಯ ಶಾಸನಗಳಿಂದ ಪರಿಶೀಲಿಸಬಹುದು.

ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ಕೋಗಳಿಯು ಹಿಂದೆ ಕೋಗಳಿ ಐನೂರರ ಮುಖ್ಯಸ್ಥಳ. ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಕ್ರಿ.ಶ. 1055ರ ಶಾಸನವು ಅಲ್ಲಿಯ ಬಸದಿಯನ್ನು ಗಂಗ ದುರ್ವಿನೀತನು ಮಾಡಿಸಿದನೆಂದೂ ಇಂದ್ರಕೀರ್ತಿ ಆಚಾರ್ಯರು ಅದಕ್ಕೆ ದತ್ತಿಯಿತ್ತರೆಂದೂ ತಿಳಿಸುತ್ತದೆ. ದುರ್ವಿನೀತನಿಗೂ ಈ ಬರಹಕ್ಕೂ ಸುಮಾರು 500 ವರ್ಷಗಳ ಅಂತರವಿದೆ. ಆದುದರಿಂದ ಇದು ಸಮಕಾಲೀನ ಸಾಕ್ಷ್ಯವಲ್ಲ, ಬಸದಿಯು ಕಾಪಾಡಿಕೊಂಡುಬಂದ ನೆನಪು. ಹಿರಿಯರ ಹೇಳಿಕೆಗೂ ಇದೇ ಸ್ಥಾನ ಸಲ್ಲಬೇಕು: ತಳ್ಳಿಹಾಕುವಂತಿಲ್ಲ, ಒರೆಗೆ ಹಚ್ಚದೆ ಒಪ್ಪುವಂತೆಯೂ ಇಲ್ಲ.

ಹೊಯ್ಸಳ ರಾಮನಾಥನ ಕಾಲದಲ್ಲಿ, ಕ್ರಿ.ಶ. 1275-76ರ ಸುಮಾರಿಗೆ, ಚೆನ್ನಪಾರ್ಶ್ವನ ನಿತ್ಯ ಕ್ಷೀರಾಭಿಷೇಕಕ್ಕೆ ಹಣವಿತ್ತವರ ಪಟ್ಟಿ ಅಲ್ಲಿಯೇ ದೊರೆಯುತ್ತದೆ. ದಾನಿಗಳು ಬೇರೆಬೇರೆ ಊರುಗಳವರು. ಆದರೆ ಹೆಸರಿನೊಡನೆ ಊರು ಬಂದಮಾತ್ರಕ್ಕೆ ಅದು ವಲಸೆಗೆ ಪ್ರಮಾಣವಾಗದು. ಭಕ್ತಿಯಿಂದ ಹಣ ಕಳುಹಿಸಿದವನು ತನ್ನ ಊರಿನಲ್ಲಿಯೇ ಇದ್ದಿರಬಹುದು.

ಓಲೆಗರಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮೂಡಬಿದಿರೆಯಲ್ಲಿ ಉಳಿದ ಮಹಾಬಂಧದ ಪ್ರತಿಯ ಪ್ರಶಸ್ತಿಯಲ್ಲಿ, ಮಲ್ಲಿಕಬ್ಬೆಯು ಶ್ರುತಪಂಚಮೀ ನೋಂಪಿಯ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘಣಂದಿ ಮುನಿಗೆ ಅರ್ಪಿಸಿದಳೆಂದಿದೆ. ಶಾಸ್ತ್ರದಾನವಾದ ಗ್ರಂಥವು ಮುನಿಗಳ ಕೈಸೇರಿ ಸಂಚರಿಸುವುದರಿಂದ, ಗ್ರಂಥ ಸಿಕ್ಕಿದ ಊರನ್ನೇ ದಾನಿಯ ಊರೆಂದು ಭಾವಿಸುವುದು ಸಲ್ಲದು.

ಇನ್ನೊಂದು ತೊಡಕು ಆಡಳಿತದ ಗಡಿಗಳದು. 1953ರವರೆಗೆ ಹರಪನಹಳ್ಳಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ದಕ್ಷಿಣದ ದಾವಣಗೆರೆ ಮೈಸೂರಿನದು, ತುಂಗಭದ್ರೆಯಾಚೆಯ ಧಾರವಾಡ ಮುಂಬಯಿಯದು. ಬಳ್ಳಾರಿಯ ಶಾಸನಗಳು ದಕ್ಷಿಣ ಭಾರತದ ಶಾಸನ ಮಾಲೆಯ 9ನೆಯ ಸಂಪುಟದಲ್ಲಿ (1939) ಅಚ್ಚಾದರೆ, ದಾವಣಗೆರೆಯವು ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿವೆ. ಹೊಳೆ ದಾಟಿ ಬಂದ ಮನೆತನದ ಮೂಲವನ್ನು ಒಂದೇ ಸಂಪುಟದಲ್ಲಿ ಅರಸಿ ಕಾಣದೆ, ಇಲ್ಲವೆಂದು ತೀರ್ಮಾನಿಸಿದರೆ ದೋಷ ಆಕರದ್ದಲ್ಲ, ಶೋಧನೆಯದು.

ಆದಕಾರಣ ಕಟ್ಟೊಂದು ದೊರೆತಾಗ ಗ್ರಂಥದ ಹೆಸರನ್ನಷ್ಟೇ ಬರೆದುಕೊಂಡರೆ ಸಾಲದು. ಬರೆದವನು, ಬರೆಯಿಸಿದವನು, ಸ್ವೀಕರಿಸಿದ ಗುರು, ಶಕವರ್ಷ, ಸಂವತ್ಸರ, ತಿಥಿ, ಕಟ್ಟು ಇದ್ದ ಮನೆ ಇವೆಲ್ಲವನ್ನೂ ಬೇರೆಬೇರೆಯಾಗಿ ದಾಖಲಿಸಬೇಕು. ಕಡೆಯ ಗರಿ ಮುರಿದುಹೋದರೆ ಗ್ರಂಥಪಾಠವು ಮತ್ತೊಂದು ಪ್ರತಿಯಲ್ಲಿ ಸಿಕ್ಕೀತು. ಆ ಮನೆತನದ ಹೆಸರು ಮಾತ್ರ ಮತ್ತೆಲ್ಲಿಯೂ ಸಿಗದು.