ಇಸಾಂಡ್ಲ್ವಾನ: ಯುದ್ಧದ ಪುಸ್ತಕಗಳಲ್ಲಿ ಕಂಡವರು, ಕಾಣದವರು

ಹಬ್ಬದ ಪ್ರಬೋಧನೆ ಓದಲೆಂದು ಪತ್ರಿಕೆ ಬಿಡಿಸಿದವರಿಗೆ ದಕ್ಷಿಣ ಆಫ್ರಿಕದ ಹಳೆಯ ಯುದ್ಧವೊಂದರ ಮಾತು ಎದುರಾದರೆ ಆಶ್ಚರ್ಯವಾದೀತು. ಇದಕ್ಕೆ ಕಾರಣರು ನಮ್ಮ ಧರ್ಮಕೇಂದ್ರದ ಒಬ್ಬ ನಿವೃತ್ತ ಸೈನಿಕರು. ಭಾನುವಾರದ ಎರಡನೆಯ ಪೂಜೆ ಮುಗಿದ ಮೇಲೆ ಅವರೂ, ಯುದ್ಧಚರಿತ್ರೆಯ ಹುಚ್ಚು ಹತ್ತಿಸಿಕೊಂಡ ಅವರ ಇಬ್ಬರು ಗೆಳೆಯರೂ ಗುರುನಿವಾಸದ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂರುತ್ತಾರೆ. ಕಾಫಿ ಆರುವ ಮೊದಲೇ 1879ರ ಆಂಗ್ಲೋ-ಜುಲು ಯುದ್ಧ ಮತ್ತೆ ಆರಂಭವಾಗಿರುತ್ತದೆ. ಒಬ್ಬರು ಹೇಳುತ್ತಾರೆ: ಮದ್ದುಗುಂಡಿನ ಪೆಟ್ಟಿಗೆ ತೆರೆಯಲಾಗದೆ ಇಂಗ್ಲಿಷರು ಸೋತರು. ಇನ್ನೊಬ್ಬರು ಅದೆಲ್ಲ ಕಟ್ಟುಕಥೆ ಎನ್ನುತ್ತಾರೆ. "ಫಾದರ್, ನೀವೇ ಓದಿ ತೀರ್ಪು ಹೇಳಿ" ಎಂದು ಒಂದು ದಿನ ಪುಸ್ತಕಗಳ ಚೀಲವನ್ನೇ ನಮ್ಮ ಮೇಜಿನ ಮೇಲಿಟ್ಟು ಹೋದರು. ಓದಿದೆವು. ಅವರು ಕೇಳಿದ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಕ್ಕಿತು. ಅವರು ಕೇಳದೆ ಬಿಟ್ಟ ಪ್ರಶ್ನೆ ನಮ್ಮ ನಿದ್ದೆ ಕೆಡಿಸಿತು.

ಮೊದಲು ಯುದ್ಧದ ಸಂಗತಿ. 1878ರ ಡಿಸೆಂಬರ್ 11ರಂದು ಟುಗೆಲಾ ನದಿಯ ದಡದಲ್ಲಿ, ಒಂದು ಅತ್ತಿಜಾತಿಯ ಮರದ ಬಳಿ, ಜುಲು ದೊರೆ ಸೆಟ್ಶ್ವಾಯೊನ ಪ್ರತಿನಿಧಿಗಳನ್ನು ಇಂಗ್ಲಿಷ್ ಅಧಿಕಾರಿಗಳು ಕರೆಸಿಕೊಂಡರು. ಬೆಳಿಗ್ಗೆ ಗಡಿವಿವಾದದ ತೀರ್ಪನ್ನು ಓದಿ ಹೇಳಿದರು. ಅದು ಬಹುಮಟ್ಟಿಗೆ ಜುಲುಗಳ ಪರವಾಗಿತ್ತು. ಮಧ್ಯಾಹ್ನ ಇನ್ನೊಂದು ಕಾಗದ ಓದಿದರು: ಸೈನ್ಯಪದ್ಧತಿಯನ್ನು ಮುರಿಯಬೇಕು, ಇಂಗ್ಲಿಷ್ ರೆಸಿಡೆಂಟನನ್ನು ಒಪ್ಪಿಕೊಳ್ಳಬೇಕು, ಇಲ್ಲವಾದರೆ ಯುದ್ಧ. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಳ್ಳುವ ಈ ಉಪಾಯ ಹೈಕಮಿಷನರ್ ಸರ್ ಬಾರ್ಟಲ್ ಫ್ರಿಯರ್ ಅವರದು. ಈ ಹೆಸರು ನಮ್ಮ ನಾಡಿಗೆ ಹೊಸದಲ್ಲ. ಇವರು 1862ರಿಂದ 1867ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದವರು. ಧಾರವಾಡ, ಬೆಳಗಾವಿಗಳು ಆಗ ಅವರ ಆಡಳಿತದಲ್ಲಿದ್ದವು, ಉತ್ತರ ಕನ್ನಡವೂ 1862ರಲ್ಲೇ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಆಫ್ರಿಕದ ವಸಾಹತುಗಳನ್ನೆಲ್ಲ ಒಂದೇ ಒಕ್ಕೂಟವಾಗಿ ಕಟ್ಟುವ ಕೆಲಸ ಅವರ ಪಾಲಿಗೆ ಬಂದಿತ್ತು. ಸ್ವತಂತ್ರ ಜುಲು ರಾಜ್ಯ ಆ ದಾರಿಗೆ ಅಡ್ಡವಾಗಿತ್ತು. ಲಂಡನ್ನಿನ ಸರಕಾರಕ್ಕೆ ಆ ಹೊತ್ತಿನಲ್ಲಿ ಯುದ್ಧ ಬೇಕಿರಲಿಲ್ಲ. ಸಮುದ್ರ ದಾಟಿ ಉತ್ತರ ಬರುವುದರೊಳಗೆ ಕೆಲಸ ಮುಗಿಸಬಹುದೆಂದು ಫ್ರಿಯರ್ ಲೆಕ್ಕ ಹಾಕಿದರು.

1879ರ ಜನವರಿ 11ರಂದು ಲಾರ್ಡ್ ಚೆಲ್ಮ್ಸ್‌ಫರ್ಡ್ ಅವರ ಸೈನ್ಯ ಗಡಿ ದಾಟಿತು. ಜನವರಿ 22ರ ಮುಂಜಾವಿನಲ್ಲಿ ಅವರು ಇಸಾಂಡ್ಲ್ವಾನ ಎಂಬ ಬಂಡೆಗುಡ್ಡದ ಬುಡದಲ್ಲಿದ್ದ ಪಾಳೆಯವನ್ನು ಬಿಟ್ಟು, ಅರ್ಧದಷ್ಟು ಸೈನ್ಯದೊಂದಿಗೆ ಜುಲುಗಳನ್ನು ಹುಡುಕಿ ಹೊರಟರು. ಪಾಳೆಯದ ಸುತ್ತ ಕಂದಕ ತೋಡಿರಲಿಲ್ಲ, ಗಾಡಿಗಳನ್ನು ಕೋಟೆಯಂತೆ ಕಟ್ಟಿರಲಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ಜುಲು ಯೋಧರು ಇನ್ನೊಂದು ದಿಕ್ಕಿನ ಕಣಿವೆಯಲ್ಲಿ ಸದ್ದಿಲ್ಲದೆ ಕುಳಿತಿದ್ದರು. ಅಮಾವಾಸ್ಯೆಯ ಕಾಲವೆಂದು ಅವರಿಗೂ ಅಂದು ಯುದ್ಧದ ಮನಸ್ಸಿರಲಿಲ್ಲ. ಗಸ್ತಿನ ಕುದುರೆಸವಾರರ ಕಣ್ಣಿಗೆ ಬಿದ್ದ ಮೇಲೆ ಎದ್ದು ನಿಂತರು, ಗೂಳಿಯ ಎರಡು ಕೊಂಬಿನಂತೆ ಹರಡಿ ಪಾಳೆಯವನ್ನು ಬಳಸಿದರು. ಮಧ್ಯಾಹ್ನದ ಸೂರ್ಯಗ್ರಹಣದ ಹೊತ್ತಿಗೆ ಎಲ್ಲ ಮುಗಿಯುತ್ತ ಬಂದಿತ್ತು. ಇಂಗ್ಲಿಷರ ಕಡೆ 1,300ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚಿನವರು ಇಂಗ್ಲಿಷರ ಪರ ಹೋರಾಡಿದ ಆಫ್ರಿಕನ್ನರೇ. ಜುಲುಗಳಲ್ಲಿ ಸತ್ತವರು ಸಾವಿರಕ್ಕೆ ಕಡಿಮೆಯಿರಲಾರದು. ನಾಲ್ಕು ತಿಂಗಳು ಆ ಬಯಲಲ್ಲಿ ಹೆಣಗಳನ್ನು ಹೂಳಲು ಯಾರೂ ಬರಲಿಲ್ಲ.

ಇನ್ನು ಜಗಲಿಯ ವಾದ. ಚೀಲದಲ್ಲಿದ್ದ ಅತಿ ದಪ್ಪ ಪುಸ್ತಕ 1965ರಲ್ಲಿ ಬಂದ ಡೊನಾಲ್ಡ್ ಮಾರಿಸ್ ಅವರ 'ದಿ ವಾಷಿಂಗ್ ಆಫ್ ದಿ ಸ್ಪಿಯರ್ಸ್'. ಅಮೆರಿಕದ ನೌಕಾಪಡೆಯಲ್ಲಿದ್ದ ಈ ಲೇಖಕರು ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತಾರೆ. ಒಮ್ಮೆ ಕೈಗೆತ್ತಿಕೊಂಡರೆ ಸಂಜೆಯ ಜಪಸರ ತಡವಾಗುವ ಅಪಾಯವಿದೆ. ಗುಂಡಿನ ಪೆಟ್ಟಿಗೆಗಳು ಗಟ್ಟಿಯಾಗಿ ಮುಚ್ಚಿದ್ದವು, ಸ್ಕ್ರೂ ಬಿಚ್ಚುವುದರೊಳಗೆ ಮುಂದಿನ ಸಾಲಿನವರ ಗುಂಡು ಖಾಲಿಯಾಯಿತು ಎಂಬ ಕಥೆ ಮನೆಮಾತಾದದ್ದು ಹೆಚ್ಚಾಗಿ ಇವರಿಂದ. ಇದಕ್ಕೆ ಬೇರು ಹಳೆಯದು. ಅಂದು ಬದುಕಿ ಉಳಿದ ಸ್ಮಿತ್-ಡೋರಿಯನ್ ಎಂಬ ಯುವ ಅಧಿಕಾರಿ ಮುಂದೆ ಜನರಲ್ ಆಗಿ, 1925ರಲ್ಲಿ ನೆನಪುಗಳನ್ನು ಪ್ರಕಟಿಸಿದಾಗ, ತಾನು ಪೆಟ್ಟಿಗೆ ಒಡೆಯಲು ಹೋದರೆ ಉಗ್ರಾಣದ ಅಧಿಕಾರಿಯೊಬ್ಬ ಅದು ತನ್ನ ಪಡೆಗೆ ಸೇರಿದ್ದೆಂದು ತಡೆದ ಸಂಗತಿಯನ್ನು ಬರೆದಿದ್ದರು. ಸಾವು ಗುಡ್ಡ ಇಳಿದು ಬರುತ್ತಿರುವಾಗಲೂ ಲೆಕ್ಕಪುಸ್ತಕ ಬಿಡದ ಉಗ್ರಾಣಿಯ ಚಿತ್ರ ಯಾರ ಮನಸ್ಸಿನಲ್ಲಿ ನಿಲ್ಲುವುದಿಲ್ಲ?

ಆದರೆ ಪೆಟ್ಟಿಗೆಯನ್ನೇ ಪರೀಕ್ಷಿಸಿದವರ ಮಾತು ಬೇರೆ. ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡಿನ ಪೆಟ್ಟಿಗೆಯಲ್ಲಿ 600 ಗುಂಡುಗಳು. ಮುಚ್ಚಳದ ನಡುವೆ ಜಾರುವ ಹಲಗೆ, ಅದಕ್ಕೆ ಒಂದೇ ಒಂದು ಸ್ಕ್ರೂ. ಬಂದೂಕಿನ ಹಿಡಿಯಿಂದ ಬಲವಾಗಿ ಗುದ್ದಿದರೆ ಹಲಗೆ ಹಾರಿಹೋಗುತ್ತದೆ. 2000ದಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ಟೋನಿ ಪೊಲ್ಲಾರ್ಡ್ ಅವರ ತಂಡ ಆ ರಣರಂಗದಲ್ಲಿ ಶೋಧ ನಡೆಸಿತು. ಗುದ್ದಿಗೆ ಬಾಗಿದ ಸ್ಕ್ರೂ ಮಣ್ಣಿನಲ್ಲಿ ಸಿಕ್ಕಿತು. ಡೇವಿಡ್ ಜ್ಯಾಕ್ಸನ್ ಎಂಬುವರು ಮಾರಿಸ್ ಪುಸ್ತಕ ಬಂದ ವರ್ಷದಲ್ಲೇ ಮೂಲ ದಾಖಲೆಗಳನ್ನು ತೂಗಿ ನೋಡಿ ಅನುಮಾನ ಎತ್ತಿದ್ದರು. 'ಜುಲು ರೈಸಿಂಗ್' (2010) ಬರೆದ ಇಯಾನ್ ನೈಟ್ ಕೂಡ ಸ್ಕ್ರೂ ಕಥೆಗೆ ಮಣೆ ಹಾಕುವುದಿಲ್ಲ. ತೆಳ್ಳಗೆ, ದೂರ ದೂರ ನಿಂತ ಸಾಲು, ಇಲ್ಲದ ಕಂದಕ, ಎದುರಾಳಿಯನ್ನು ಹಗುರವಾಗಿ ಕಂಡ ಸೇನಾಪತಿ, ಮತ್ತು ಜುಲುಗಳ ಧೈರ್ಯ, ಚಾತುರ್ಯ ಇವೇ ಸಾಲದೆ? ತೀರ್ಪು ಕೇಳಿದ ನಮ್ಮ ಸೈನಿಕರಿಗೆ ಇಷ್ಟು ಹೇಳಿದೆವು. ಸೋತ ಪಕ್ಷದವರು ಅಂದಿನ ಕಾಫಿಗೆ ಸಕ್ಕರೆ ಕಡಿಮೆ ಎಂದರು!

ಸ್ಕ್ರೂವಿನ ಕಥೆ ಇಷ್ಟು ಕಾಲ ಬಾಳಿದ್ದಕ್ಕೆ ನಮಗೆ ತೋಚುವ ಕಾರಣವೊಂದಿದೆ. ದೊಡ್ಡವರ ತಪ್ಪನ್ನು ಒಂದು ಸಣ್ಣ ಲೋಹದ ತುಂಡಿನ ಮೇಲೆ ಹಾಕಿದರೆ ಎಲ್ಲರಿಗೂ ಹಗುರ. ಅದೂ ಸಾಲದಿದ್ದಾಗ ಸತ್ತವರ ಮೇಲೆ ಹಾಕಬಹುದು. ಪಾಳೆಯದಲ್ಲಿ ಸತ್ತ ಕರ್ನಲ್ ಆಂಟನಿ ಡರ್ನ್‌ಫರ್ಡ್ ಅಪ್ಪಣೆ ಮೀರಿದರೆಂದು ಚೆಲ್ಮ್ಸ್‌ಫರ್ಡ್ ಕಡೆಯವರು ದೂರಿದರು. ಪಾಳೆಯದ ಹೊಣೆ ವಹಿಸಿಕೊಳ್ಳಬೇಕೆಂದು ಅವರಿಗೆ ಬರೆದು ಕಳಿಸಿದ್ದೆವೆಂದರು. ಮುಂದೆ ಆ ಆದೇಶದ ಪಾಠ ಸಿಕ್ಕಿದಾಗ ಅದರಲ್ಲಿ ಪಾಳೆಯಕ್ಕೆ ಬರಬೇಕೆಂದಿತ್ತೇ ಹೊರತು ಹೊಣೆಯ ಮಾತೇ ಇರಲಿಲ್ಲ. ಡರ್ನ್‌ಫರ್ಡ್ ಅವರನ್ನು ಆತ್ಮೀಯವಾಗಿ ಬಲ್ಲ ಫ್ರಾನ್ಸಿಸ್ ಕೊಲೆನ್ಸೊ ಎಂಬ ಮಹಿಳೆ, ಅವರ ತಮ್ಮನ ನೆರವಿನಿಂದ, 1880ರಲ್ಲೇ ಈ ಯುದ್ಧದ ಇತಿಹಾಸ ಬರೆದು ಆ ಹೆಸರನ್ನು ಕಾಯಲು ಹೆಣಗಿದರು. ಯುದ್ಧ ನಡೆದ ಮರುವರ್ಷವೇ ಒಬ್ಬ ಹೆಣ್ಣುಮಗಳು ಇಡೀ ಸೇನಾ ಕಚೇರಿಯನ್ನು ಎದುರು ಹಾಕಿಕೊಂಡದ್ದು ಸಣ್ಣ ಮಾತಲ್ಲ.

ಈಗ ನಮ್ಮ ನಿದ್ದೆ ಕೆಡಿಸಿದ ಸಂಗತಿಗೆ ಬರುತ್ತೇವೆ. ಅದೇ ಜನವರಿ 22ರ ಸಂಜೆ ರೋರ್ಕ್ಸ್ ಡ್ರಿಫ್ಟ್‌ನಲ್ಲಿ ಸುಮಾರು 150 ಇಂಗ್ಲಿಷ್ ಸೈನಿಕರು ಮೂರು-ನಾಲ್ಕು ಸಾವಿರ ಜುಲುಗಳನ್ನು ರಾತ್ರಿಯಿಡೀ ತಡೆದರು. 11 ಜನರಿಗೆ ವಿಕ್ಟೋರಿಯಾ ಕ್ರಾಸ್ ಪದಕ ಸಿಕ್ಕಿತು. 1964ರ 'ಜುಲು' ಚಲನಚಿತ್ರ ಇದರದ್ದೇ. ಗುರುಮಠದಲ್ಲಿದ್ದಾಗ ನಾವೂ ಅದನ್ನು ನೋಡಿ ಚಪ್ಪಾಳೆ ತಟ್ಟಿದವರು. ಆ ಚಿತ್ರದಲ್ಲಿ ಸೆಟ್ಶ್ವಾಯೊನ ಪಾತ್ರ ವಹಿಸಿದವರು ದೊರೆಯ ವಂಶಸ್ಥರೇ ಆದ, ಮುಂದೆ ರಾಜಕಾರಣಿಯಾಗಿ ಹೆಸರಾಗಿ 2023ರಲ್ಲಿ ತೀರಿಕೊಂಡ ಮಂಗೊಸುಥು ಬುಥೆಲೆಜಿ. ಅಂದು ನಮ್ಮ ಗಮನಕ್ಕೆ ಬಾರದ ಒಂದು ವಿಷಯ: ಆ ಸ್ಥಳ ಒಂದು ಮಿಷನ್ ಕೇಂದ್ರ. ಸ್ವೀಡನ್ನಿನ ಲೂಥರನ್ ಮಿಷನರಿ ಒಟ್ಟೊ ವಿಟ್ ಅವರ ಮನೆ ಆಸ್ಪತ್ರೆಯಾಗಿತ್ತು; ದೇವಾಲಯ ಸೈನ್ಯದ ಉಗ್ರಾಣವಾಗಿತ್ತು. ಚಿತ್ರದಲ್ಲಿ ಅವರನ್ನು ಬೆಳೆದ ಮಗಳಿರುವ ಕುಡುಕ ಮುದುಕನನ್ನಾಗಿ ಮಾಡಿದ್ದಾರೆ. ನಿಜದಲ್ಲಿ ಅವರು ಪುಟ್ಟ ಮಕ್ಕಳ ತಂದೆ, ಯುವಕ. ಜೋಳದ ಮೂಟೆ, ಬಿಸ್ಕತ್ತಿನ ಡಬ್ಬಿಗಳ ಗೋಡೆಯ ಹಿಂದೆ ಜಾರ್ಜ್ ಸ್ಮಿತ್ ಎಂಬ ಆಂಗ್ಲಿಕನ್ ಗುರು ಓಡಾಡುತ್ತ ಗುಂಡು ಹಂಚಿದರು, ಬೈದಾಡುವ ಸೈನಿಕರನ್ನು ಗದರಿಸಿದರು. ಕೆಟ್ಟ ಮಾತು ಬೇಡ, ಗುಂಡು ಮಾತ್ರ ಹಾರಲಿ! ನಗು ಬರುತ್ತದೆ, ಆದರೆ ನಾವೂ ಗುರುಗಳೇ ಆದ್ದರಿಂದ ಪೂರ್ತಿ ನಗಲಾಗುವುದಿಲ್ಲ. ಬೆಳಗಾದ ಮೇಲೆ ಗಾಯಗೊಂಡು ಬಿದ್ದಿದ್ದ ಜುಲುಗಳನ್ನು ಕೊಂದರು. ಹಳೆಯ ಪುಸ್ತಕಗಳು ಇದನ್ನು ಹೇಳಲು ಹಿಂಜರಿದವು, ಹೊಸಬರು ಬಿಚ್ಚಿ ಬರೆದಿದ್ದಾರೆ.

ಅತ್ತಿಮರದ ಬಳಿ ಓದಿದ ಆ ಕಾಗದದಲ್ಲಿ ಮಿಷನರಿಗಳಿಗೆ ಬೋಧಿಸುವ ಹಕ್ಕು ಕೊಡಬೇಕೆಂಬ ಷರತ್ತೂ ಇತ್ತು. ಕೆಲವು ಮಿಷನರಿಗಳು ದೊರೆಯ ಕ್ರೌರ್ಯದ ಸುದ್ದಿಗಳನ್ನು ನಟಾಲ್‌ಗೆ ಬರೆದು ಕಳಿಸಿ ಯುದ್ಧದ ಬೆಂಕಿಗೆ ಗಾಳಿ ಹಾಕಿದ್ದರು. ಜುಲು ನಾಡಿನಲ್ಲಿ ನಮ್ಮ ಕಥೋಲಿಕ ಸಭೆಯ ಕೆಲಸ ಅಂದಿಗೆ ಇನ್ನೂ ಬೇರೂರಿರಲಿಲ್ಲ. ನಟಾಲ್‌ನ ಮರಿಯನ್‌ಹಿಲ್ ಮಠ ಹುಟ್ಟಿದ್ದೇ 1882ರಲ್ಲಿ. ಹಾಗೆಂದು ಕೈ ತೊಳೆದುಕೊಳ್ಳುವುದು ನಮಗೆ ಸರಿಕಾಣದು. ಶುಭಸಂದೇಶವನ್ನು ಯುದ್ಧದ ಕಾಗದದಲ್ಲಿ ಒಂದು ಕಲಮಾಗಿ ಸೇರಿಸಿದಾಗ ಆ ಜನರ ಕಿವಿಗೆ ಕ್ರಿಸ್ತರ ಹೆಸರು ಹೇಗೆ ಕೇಳಿಸಿರಬೇಕು?

ಇದನ್ನು ಆಗಲೇ ಕೇಳಿದವರು ಒಬ್ಬರಿದ್ದರು. ಫ್ರಾನ್ಸಿಸ್ ಅವರ ತಂದೆ, ನಟಾಲ್‌ನ ಮೊದಲ ಆಂಗ್ಲಿಕನ್ ಧರ್ಮಾಧ್ಯಕ್ಷ ಜಾನ್ ವಿಲಿಯಂ ಕೊಲೆನ್ಸೊ. ಜುಲು ಭಾಷೆ ಕಲಿತು 1861ರಲ್ಲಿ ನಿಘಂಟು ಪ್ರಕಟಿಸಿದವರು. ಜಲಪ್ರಳಯದ ಕಥೆ ಅಕ್ಷರಶಃ ನಡೆದದ್ದೇ ಎಂದು ವಿಲಿಯಂ ನ್ಗಿಡಿ ಎಂಬ ಜುಲು ಸಹಾಯಕ ಕೇಳಿದ ಪ್ರಶ್ನೆಗೆ ಹೌದೆನ್ನಲಾಗದೆ ಪಂಚಗ್ರಂಥದ ವಿಮರ್ಶೆಗೆ ಇಳಿದು, ಪಾಷಂಡಿ ಎನಿಸಿಕೊಂಡವರು. ಗುರುಮಠದಲ್ಲಿ ನಮಗೆ ಇವರ ಪರಿಚಯವಾದದ್ದು ಅಡಿಟಿಪ್ಪಣಿಯೊಂದರಲ್ಲಿ. ಬೈಬಲ್ ಬಗ್ಗೆ ಅವರು ಬರೆದದ್ದನ್ನೆಲ್ಲ ನಾವು ಒಪ್ಪುವುದಿಲ್ಲ. ಆದರೆ ಇಸಾಂಡ್ಲ್ವಾನದ ಸೋಲಿನ ನಂತರ, 1879ರ ಮಾರ್ಚ್ 12ರಂದು, ಪ್ರಾರ್ಥನೆ-ಪಶ್ಚಾತ್ತಾಪದ ದಿನದಂದು, ಪೀಟರ್‌ಮಾರಿಟ್ಸ್‌ಬರ್ಗ್‌ನ ಪ್ರಧಾನಾಲಯದಲ್ಲಿ ಅವರು ಮಾಡಿದ ಪ್ರಬೋಧನೆಯನ್ನು ಓದಿ ಪುಸ್ತಕ ಕೆಳಗಿಟ್ಟೆವು. ಆಯ್ದ ವಾಕ್ಯ ಪ್ರವಾದಿ ಮೀಕನ ಆರನೆಯ ಅಧ್ಯಾಯದ ಎಂಟನೆಯ ವಚನ. ನ್ಯಾಯ, ದಯೆ, ದೇವರ ಮುಂದೆ ದೀನತೆ ಎಂಬ ಮೂರು ಬೇಡಿಕೆಗಳ ವಚನ. ಎದುರಿಗೆ ಕುಳಿತವರಲ್ಲಿ ಮಕ್ಕಳನ್ನು, ಗೆಳೆಯರನ್ನು ಕಳೆದುಕೊಂಡವರಿದ್ದರು. ಸತ್ತವರಲ್ಲಿ ಡರ್ನ್‌ಫರ್ಡ್ ಅವರ ಸ್ವಂತ ಗೆಳೆಯ. ಆ ಜನರ ಮುಂದೆ ನಿಂತು, ಜುಲುಗಳೊಂದಿಗೆ ನಾವು ನ್ಯಾಯವಾಗಿ, ದಯೆಯಿಂದ ನಡೆದುಕೊಂಡೆವೇ ಎಂದು ಕೇಳಿದರು. ಸತ್ತ ಜುಲುಗಳಿಗೂ ಅಳುವ ಮನೆಯವರಿದ್ದಾರೆಂದು ನೆನಪಿಸಿದರು. ಪ್ರತಿ ಹಬ್ಬಕ್ಕೂ ಪ್ರಬೋಧನೆ ಬರೆಯುವ ನಾವು, ನಮ್ಮ ಜನ ಕೇಳಲಿಚ್ಛಿಸದ ಮಾತನ್ನು ಅವರ ದುಃಖದ ದಿನದಲ್ಲೇ ಹೇಳಿದ್ದು ಯಾವಾಗ ಎಂದು ಲೆಕ್ಕ ಹಾಕಿದೆವು. ಬೆರಳು ಮಡಿಸಬೇಕಾಗಲಿಲ್ಲ.

ಜುಲೈ 4ರಂದು ಉಲುಂಡಿ ಸುಟ್ಟಿತು, ಆಗಸ್ಟ್‌ನಲ್ಲಿ ದೊರೆ ಸೆರೆಯಾದ. ಯುದ್ಧಪ್ರಿಯರ ಪುಸ್ತಕಗಳು ಬಹುತೇಕ ಇಲ್ಲಿಗೆ ಮುಗಿಯುತ್ತವೆ. ಜೆಫ್ ಗೈ ಎಂಬ ಇತಿಹಾಸಕಾರರು 1979ರ ತಮ್ಮ ಪುಸ್ತಕದಲ್ಲಿ ಜುಲು ರಾಜ್ಯ ನಾಶವಾದದ್ದು ಉಲುಂಡಿಯಲ್ಲಲ್ಲ, ಆಮೇಲೆ ಎಂದು ತೋರಿಸಿದ್ದಾರೆ. ಗೆದ್ದವರು ರಾಜ್ಯವನ್ನು 13 ತುಂಡು ಮಾಡಿ ಒಬ್ಬೊಬ್ಬ ನಾಯಕನಿಗೆ ಕೊಟ್ಟರು. ಅಣ್ಣತಮ್ಮಂದಿರು ಕಾದಾಡಿ, ಮನೆ, ದನ, ಹೊಲ ಹಾಳಾದವು. 1882ರಲ್ಲಿ ಲಂಡನ್ನಿಗೆ ಹೋಗಿ ರಾಣಿಯನ್ನು ಕಂಡು ಬಂದ ಸೆಟ್ಶ್ವಾಯೊ 1884ರ ಫೆಬ್ರವರಿಯಲ್ಲಿ ಎಶೊವೆಯಲ್ಲಿ ತೀರಿಕೊಂಡ. 1906ರಲ್ಲಿ ಬಂಬಾಥಾನ ದಂಗೆಯ ಕಾಲಕ್ಕೆ ಗಾಂಧೀಜಿ ಡೋಲಿ ಹೊರುವ ಭಾರತೀಯರ ಸಣ್ಣ ತಂಡ ಕಟ್ಟಿಕೊಂಡು ಇದೇ ಜುಲುನಾಡಿಗೆ ಹೋದರು, ಬಿಳಿಯರು ಮುಟ್ಟಲೊಲ್ಲದ ಜುಲು ಗಾಯಾಳುಗಳ ಹುಣ್ಣು ತೊಳೆದರು. ಅವರ ಆತ್ಮಕಥೆ ಓದಿದವರಿಗೆ ಇದು ಗೊತ್ತಿರುತ್ತದೆ.

ಜುಲುಗಳೇ ಹೇಳಿದ ಮಾತು ಯಾವ ಪುಸ್ತಕದಲ್ಲಿದೆ? ಚೀಲದಲ್ಲಿ ಅಂಥದ್ದು ಒಂದೂ ಇರಲಿಲ್ಲ. ಇಲ್ಲವೆಂದಲ್ಲ. ಸೆಟ್ಶ್ವಾಯೊನ ಅಂತಃಪುರದಲ್ಲಿ ಬಾಲಕಿಯಾಗಿ ಸೇವೆ ಮಾಡಿ, ಮುಂದೆ ಲೂಥರನ್ ಸಭೆಯ ಪ್ರಚಾರಕಿಯಾದ ಪೌಲಿನಾ ಡ್ಲಾಮಿನಿಯವರ ನೆನಪುಗಳು 1986ರಲ್ಲಿ ಇಂಗ್ಲಿಷಿಗೆ ಬಂದವು. ಕೊಲೆನ್ಸೊ ಅವರ ಶಾಲೆಯಲ್ಲಿ ಓದಿ, ಅವರ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುತ್ತಿದ್ದ ಮಗೆಮಾ ಫುಜೆ ತಮ್ಮ ಜನರ ಚರಿತ್ರೆಯನ್ನು ಜುಲು ಭಾಷೆಯಲ್ಲೇ ಬರೆದರು. ಅದು ಅಚ್ಚಾದದ್ದು 1922ರಲ್ಲಿ, ಅವರ ಮುಪ್ಪಿನಲ್ಲಿ. ಇಂಗ್ಲಿಷ್ ಅನುವಾದ ಬರಲು 1979ರವರೆಗೆ ಕಾಯಬೇಕಾಯಿತು.

ಇದನ್ನು ಹೇಳಿದಾಗ ನಮ್ಮ ಸೈನಿಕರು ತುಸು ಹೊತ್ತು ಸುಮ್ಮನಿದ್ದರು. ಅವರು ಯೌವನದಲ್ಲಿ ಯುದ್ಧ ಕಂಡವರು, ಅದರ ಬಗ್ಗೆ ಎಂದೂ ಮಾತಾಡಿದವರಲ್ಲ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, "ಆ ಹೆಸರು ಇನ್ನೊಮ್ಮೆ ಹೇಳಿ ಫಾದರ್, ಅಚ್ಚುಮೊಳೆ ಜೋಡಿಸುತ್ತಿದ್ದವರದು" ಎಂದು ಅಂದಿನ ಪೂಜೆಯ ಗೀತೆಗಳ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡರು.